ಡಿಎನ್‌ಎ ಕಿಟ್: ಬಾಳೆಹಣ್ಣಿನ ಪ್ರಯೋಗಕ್ಕೆ ಪೂರ್ತಿ ಅಂಕ, ನಾಲಿಗೆ ಕಾರ್ಡಿಗೆ ಸೊನ್ನೆ

ಕಳೆದ ತಿಂಗಳು ನಮ್ಮ ಶಾಲೆಗೆ ಆನ್‌ಲೈನಿನಲ್ಲಿ ಒಂದು ಡಿಎನ್‌ಎ ಕಿಟ್ ತರಿಸಿದೆ. ಅಪ್ಪ-ಅಮ್ಮನಿಂದ ಮಕ್ಕಳಿಗೆ ಗುಣ ಸಾಗಿಸುವ ವಸ್ತುವೇ ಡಿಎನ್‌ಎ, ಅದನ್ನು ಹಣ್ಣಿನಿಂದ ತೆಗೆದು ನೋಡುವ ಕಿಟ್ ಇದು. ಬೆಲೆ 1,850 ರೂಪಾಯಿ. ಅನುದಾನ ಬರಲಿ ಅಂತ ಕಾಯಲಿಲ್ಲ, ನನ್ನ ಕೈಯಿಂದಲೇ ಹಾಕಿದೆ. ನಾನು ಅರಸೀಕೆರೆ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಹತ್ತನೇ ತರಗತಿಯಲ್ಲಿ 31 ಮಕ್ಕಳು, ಕನ್ನಡ ಮಾಧ್ಯಮ. ಕಂಪನಿಯ ಹೆಸರು ಬರೆಯುವುದಿಲ್ಲ. ಇದೇ ಥರದ ಡಬ್ಬಿಗಳು ಬೇರೆ ಬೇರೆ ಹೆಸರಲ್ಲಿ ಸಿಗುತ್ತವೆ. ಯಾವುದನ್ನು ಕೊಂಡರೂ ಒಳಗೆ ಏನನ್ನು ನೋಡಬೇಕು ಅನ್ನುವುದು ಗೊತ್ತಿರಲಿ ಅಂತ ಬರೆಯುತ್ತಿದ್ದೇನೆ.

ಅನುವಂಶೀಯತೆ ಪಾಠ ಪ್ರತಿ ವರ್ಷ ನನಗೆ ಒಂದೇ ಜಾಗದಲ್ಲಿ ಕೈ ಕೊಡುತ್ತದೆ. ಬಟಾಣಿ ಬೆಳೆಸಿ ಗುಣಗಳು ಹೇಗೆ ಸಾಗುತ್ತವೆ ಅಂತ ಲೆಕ್ಕ ಹಾಕಿದ ಮೆಂಡೆಲ್, ಅಪ್ಪ-ಅಮ್ಮನಿಂದ ಬರುವ ಅಕ್ಷರಗಳನ್ನು ಜೋಡಿಸಿ ನೋಡುವ ಚೆಕ್ಕರ್ ಬೋರ್ಡ್ ಚೌಕ, ಎಲ್ಲ ಸಲೀಸಾಗಿ ಸಾಗುತ್ತದೆ. ದುಂಡು ಕಾಳಿಗೆ ದೊಡ್ಡ ಆರ್, ಸುಕ್ಕು ಕಾಳಿಗೆ ಚಿಕ್ಕ ಆರ್ ಬರೆದು ಮಕ್ಕಳು ಚೌಕ ತುಂಬುತ್ತಾರೆ, ಮೂರು ದುಂಡಿಗೆ ಒಂದು ಸುಕ್ಕು ಅಂತ ಉತ್ತರ ಬರೆಯುತ್ತಾರೆ, ಅಂಕವೂ ಬರುತ್ತದೆ. ಆದರೆ ಆ ಆರ್ ಅಂದರೆ ಏನು, ಅದು ಎಲ್ಲಿ ಕೂತಿದೆ, ದುಂಡಗಿನ ಕಾಳನ್ನು ಅದು ಹೇಗೆ ದುಂಡಗೆ ಮಾಡುತ್ತದೆ ಅಂತ ಕೇಳಿದರೆ ಇಡೀ ತರಗತಿ ಸುಮ್ಮನಾಗುತ್ತದೆ. ಗುಣ ಸಾಗಿಸುವ ಡಿಎನ್‌ಎ ತುಂಡಿಗೆ ವಂಶವಾಹಿ ಅನ್ನುತ್ತೇವೆ, ಮಕ್ಕಳು ಅಕ್ಷರವೇ ವಂಶವಾಹಿ ಅಂದುಕೊಂಡಿರುತ್ತಾರೆ. ಆ ಅಕ್ಷರಕ್ಕೂ ಕೈಯಲ್ಲಿ ಹಿಡಿಯುವ ಒಂದು ವಸ್ತುವಿಗೂ ಗಂಟು ಹಾಕಬೇಕಿತ್ತು. ಅದಕ್ಕೇ ಈ ಕಿಟ್.

ಡಬ್ಬಿಯಲ್ಲಿ ಹತ್ತು ಪ್ಲಾಸ್ಟಿಕ್ ಪ್ರಣಾಳ, ಡ್ರಾಪರ್‌ಗಳು, ಜಿಪ್ ಕವರು, ಸೋಸುವ ಕಾಗದ, ಐಸ್‌ಕ್ಯಾಂಡಿ ಕಡ್ಡಿಯಂಥ ಮರದ ಕಡ್ಡಿಗಳು, ಜೋಡಿಸುವ ಒಂದು ಡಿಎನ್‌ಎ ಮಾದರಿ, 'ನಿಮ್ಮ ಮನೆಯ ಗುಣಗಳು' ಅನ್ನುವ ಕಾರ್ಡುಗಳ ಕಟ್ಟು, 16 ಪುಟದ ಇಂಗ್ಲಿಷ್ ಪುಸ್ತಿಕೆ. ಕನ್ನಡದಲ್ಲಿ ಒಂದು ಸಾಲೂ ಇಲ್ಲ. ಒಂದು ಭಾನುವಾರ ಕೂತು ಪೂರ್ತಿ ಕನ್ನಡಕ್ಕೆ ಮಾಡಿ, ಜೆರಾಕ್ಸ್ ತೆಗೆಸಿದೆ.

ಪುಸ್ತಿಕೆ ಸ್ಟ್ರಾಬೆರಿ ಬಳಸಿ ಅನ್ನುತ್ತದೆ. ಅದಕ್ಕೆ ಕಾರಣ ಇದೆ. ತೋಟದ ಸ್ಟ್ರಾಬೆರಿಯ ಕೋಶದಲ್ಲಿ ವರ್ಣತಂತುಗಳ (ಡಿಎನ್‌ಎ ಸುತ್ತಿಟ್ಟ ಎಳೆಗಳ) ಎಂಟು ಕಂತೆ ಇರುತ್ತವೆ, ಹಾಗಾಗಿ ಡಿಎನ್‌ಎ ಜಾಸ್ತಿ ಸಿಗುತ್ತದೆ. ನಮ್ಮೂರಲ್ಲಿ ಸ್ಟ್ರಾಬೆರಿ ಎಲ್ಲಿಂದ ತರೋಣ? ಚೆನ್ನಾಗಿ ಕಳಿತ ಪಚ್ಚಬಾಳೆ ತಂದೆ. ಪಚ್ಚಬಾಳೆಯದು 11ರ ಮೂರು ಕಂತೆ, ಒಟ್ಟು 33 ವರ್ಣತಂತು. ಮೂರು ಕಂತೆಯನ್ನು ಎರಡು ಸಮಪಾಲು ಮಾಡಲು ಆಗುವುದಿಲ್ಲ. ಆ ಹಣ್ಣಿನಲ್ಲಿ ಬೀಜ ಕಟ್ಟದಿರಲು ಅದೂ ಒಂದು ಕಾರಣ. ಇದನ್ನು ಹೇಳಿದ ಕೂಡಲೇ ಹಿಂದಿನ ಬೆಂಚಿನ ಹುಡುಗನೊಬ್ಬ, "ಅದಕ್ಕೇ ಮೇಡಂ, ಬಾಳೆಗೆ ಬೀಜ ಬಿತ್ತಲ್ಲ, ಕಂದು ನೆಡ್ತೀವಿ" ಅಂದ. ನಾನು ಮುಂದೆ ಹೇಳಬೇಕಾಗಿದ್ದ ಮಾತನ್ನು ಅವನೇ ಹೇಳಿಬಿಟ್ಟಿದ್ದ.

ಪ್ರಯೋಗ ಹೀಗಿದೆ. ಹಣ್ಣನ್ನು ಜಿಪ್ ಕವರಿಗೆ ಹಾಕಿ ಗಂಟಿಲ್ಲದಂತೆ ಹಿಚುಕಬೇಕು. ಉಪ್ಪು, ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿದ ನೀರನ್ನು ಸೇರಿಸಿ ನೊರೆ ಬರದ ಹಾಗೆ ಮೆತ್ತಗೆ ಕಲೆಸಬೇಕು. ಕೋಶದ ಪೊರೆಯಲ್ಲಿ ಇರುವುದು ಜಿಡ್ಡು, ಆದ್ದರಿಂದ ಬಾಣಲೆಯ ಎಣ್ಣೆ ಬಿಡಿಸುವ ಸೋಪು ಇದನ್ನೂ ಬಿಡಿಸುತ್ತದೆ. ಹತ್ತು ನಿಮಿಷ ಬಿಟ್ಟು ಸೋಸಿ, ಪ್ರಣಾಳಕ್ಕೆ ಕಾಲು ಭಾಗ ತುಂಬಬೇಕು. ಆಮೇಲೆ ಪ್ರಣಾಳವನ್ನು ಓರೆಯಾಗಿ ಹಿಡಿದು, ಒಳಗೋಡೆಯ ಗುಂಟ ತಣ್ಣನೆಯ ಆಲ್ಕೊಹಾಲನ್ನು ಡ್ರಾಪರಿನಿಂದ ಇಳಿಬಿಡಬೇಕು. ಡಿಎನ್‌ಎ ನೀರಿನಲ್ಲಿ ಕರಗುತ್ತದೆ. ಉಪ್ಪು ಇರುವಾಗ ಆಲ್ಕೊಹಾಲಿನಲ್ಲಿ ಕರಗುವುದಿಲ್ಲ, ಬೇರೆಯಾಗಿ ಹೊರಗೆ ಬರುತ್ತದೆ.

ಇಲ್ಲೊಂದು ಎಚ್ಚರಿಕೆ. ಆಲ್ಕೊಹಾಲು ಕಿಟ್‌ನಲ್ಲಿ ಬರುವುದಿಲ್ಲ, ನಾವೇ ತರಬೇಕು. ಮೊದಲ ದಿನ ಕೈಗೆ ಹಾಕುವ ಸ್ಯಾನಿಟೈಸರ್ ದ್ರವದಲ್ಲೇ ಮುಗಿಸೋಣ ಅಂತ ಹೋದೆ. ಅದರಲ್ಲಿ ನೀರಿನ ಪಾಲು ಜಾಸ್ತಿ. ಒಂಚೂರು ಮಬ್ಬು ಬಂತು ಅಷ್ಟೇ, ಮಕ್ಕಳ ಮುಖ ಬಾಡಿತು. ಮರುದಿನ ಮೆಡಿಕಲ್ ಸ್ಟೋರಿನಿಂದ ಐಸೊಪ್ರೊಪೈಲ್ ಆಲ್ಕೊಹಾಲ್ ತಂದು, ರಾತ್ರಿಯಿಡೀ ಫ್ರೀಜರ್‌ನಲ್ಲಿಟ್ಟು, ಬಾಟಲಿಯ ಸುತ್ತ ಐಸ್ ತುಂಬಿ ಬಸ್ಸಿನಲ್ಲಿ ತಂದೆ. ತಣ್ಣಗಿದ್ದಷ್ಟೂ ಒಳ್ಳೆಯದು. ಹತ್ತಿರದಲ್ಲಿ ಬೆಂಕಿ ಇರಬಾರದು.

ಎರಡನೇ ದಿನ ನಡೆದದ್ದನ್ನು ನಾನು ಮರೆಯುವುದಿಲ್ಲ. ಕೆಳಗೆ ಹಳದಿ ರಸ, ಮೇಲೆ ನೀರಿನಂತೆ ತಿಳಿಯಾದ ಆಲ್ಕೊಹಾಲು. ನಡುವಿನ ಗೆರೆಯಲ್ಲಿ ಮೊದಲು ಸಣ್ಣ ಗುಳ್ಳೆಗಳು ಕಂಡವು. ಆಮೇಲೆ ಆ ಗುಳ್ಳೆಗಳನ್ನು ಹಿಡಿದುಕೊಂಡೇ ಬಿಳಿ ಎಳೆಗಳು ಮೇಲೆ ಏಳತೊಡಗಿದವು. ಎರಡು ನಿಮಿಷದಲ್ಲಿ ಮೋಡದಂತೆ ತೂಗಾಡುವ ಒಂದು ಗೊಂಚಲು. ಕಡ್ಡಿ ಇಳಿಸಿ ಮೆಲ್ಲಗೆ ತಿರುಗಿಸಿದರೆ ಕಡ್ಡಿಗೆ ಸುತ್ತಿಕೊಂಡು ಬಂತು. ಒಬ್ಬಳು "ಸಿಂಬಳ ಇದ್ದಂಗಿದೆ ಮೇಡಂ" ಅಂದಳು. ಪಕ್ಕದವಳು "ಇಲ್ಲ ಕಣೇ, ಎಳನೀರಿನ ಗಂಜಿ" ಅಂದಳು. ಎರಡೂ ಸರಿಯೇ. ಯಾವತ್ತೂ ಬಾಯಿಬಿಡದ ಒಬ್ಬ ಹುಡುಗ ಪ್ರಣಾಳವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಲೇ ಇದ್ದ. ಊಟದ ಗಂಟೆ ಹೊಡೆದರೂ ಇಡಲಿಲ್ಲ. 1,850 ರೂಪಾಯಿ ಅಲ್ಲಿಗೇ ತೀರಿತು ಅಂತ ನನಗನ್ನಿಸಿತು.

ಪುಸ್ತಿಕೆ ಇದನ್ನು 'ಶುದ್ಧ ಡಿಎನ್‌ಎ' ಅನ್ನುತ್ತದೆ. ಅದು ಸರಿಯಲ್ಲ. ಬಾಳೆಹಣ್ಣಿನ ಪೆಕ್ಟಿನ್, ಪ್ರೋಟೀನು, ಆರ್‌ಎನ್‌ಎ ಎಲ್ಲವೂ ಅದರಲ್ಲಿ ಸೇರಿರುತ್ತವೆ. ಡಿಎನ್‌ಎಯ ಒಂಟಿ ಎಳೆ ಕಣ್ಣಿಗೆ ಕಾಣುವುದೂ ಇಲ್ಲ. ಅದರ ದಪ್ಪ ಬರೀ 2 ನ್ಯಾನೊಮೀಟರ್. ಕಡ್ಡಿಗೆ ಸುತ್ತಿಕೊಂಡದ್ದು ಲೆಕ್ಕವಿಲ್ಲದಷ್ಟು ಎಳೆಗಳ ಸಿಕ್ಕು. ಇದನ್ನು ಮಕ್ಕಳಿಗೆ ಮುಚ್ಚಿಡಬಾರದು. ಹೇಳಿದ್ದಕ್ಕೇ ಒಳ್ಳೆಯ ಪ್ರಶ್ನೆ ಬಂತು: "ಹಂಗಾದ್ರೆ ಗುಣ ಸಾಗಿಸೋದು ಡಿಎನ್‌ಎನೇ, ಪ್ರೋಟೀನ್ ಅಲ್ಲ ಅಂತ ಹೆಂಗೆ ಗೊತ್ತಾಯ್ತು ಮೇಡಂ?"

ವಿಜ್ಞಾನಿಗಳೂ ಬಹಳ ವರ್ಷ ಇದೇ ಪ್ರಶ್ನೆಯಲ್ಲಿ ಸಿಕ್ಕಿಕೊಂಡಿದ್ದರು. 1869ರಲ್ಲಿ ಜರ್ಮನಿಯ ಟ್ಯೂಬಿಂಗನ್ ಊರಿನಲ್ಲಿ, ಹಳೆಯ ಕೋಟೆಯ ಅಡುಗೆಮನೆಯನ್ನೇ ಪ್ರಯೋಗಾಲಯ ಮಾಡಿಕೊಂಡಿದ್ದ ಜಾಗದಲ್ಲಿ, ಫ್ರೀಡ್ರಿಶ್ ಮೀಶರ್ ಮೊದಲ ಸಲ ಈ ವಸ್ತುವನ್ನು ಬೇರೆ ಮಾಡಿದ. ಆಸ್ಪತ್ರೆಯಿಂದ ಬಂದ ಬ್ಯಾಂಡೇಜ್ ಬಟ್ಟೆಯ ಕೀವು ಅವನ ಕಚ್ಚಾ ಮಾಲು. ಪ್ರೋಟೀನು ಕರಗಿಸಲು ಹಂದಿಯ ಹೊಟ್ಟೆಯಿಂದ ತೆಗೆದ ಪೆಪ್ಸಿನ್ ಬಳಸಿದ. ಆದರೆ ಅದರ ಕೆಲಸ ಏನು ಅನ್ನುವುದು ತಿಳಿದದ್ದು 1944ರಲ್ಲಿ. ನ್ಯೂಯಾರ್ಕಿನಲ್ಲಿ ಏವರಿ, ಮ್ಯಾಕ್ಲಿಯಾಡ್, ಮೆಕಾರ್ಟಿ ಮೂವರು, ಸತ್ತ ನ್ಯುಮೋನಿಯಾ ಬ್ಯಾಕ್ಟೀರಿಯಾದ ಸಾರವನ್ನು ಇನ್ನೊಂದು ತಳಿಯ ಬದುಕಿರುವ ಬ್ಯಾಕ್ಟೀರಿಯಾಕ್ಕೆ ಸೇರಿಸಿದರು. ಸತ್ತದ್ದರ ಗುಣ ಬದುಕಿದ್ದಕ್ಕೆ ಬಂತು, ಅದರ ಸಂತತಿಗೂ ಬಂತು. ಸಾರದ ಪ್ರೋಟೀನನ್ನು ಒಡೆದು ಸೇರಿಸಿದರೂ ಗುಣ ಬಂತು. ಡಿಎನ್‌ಎಯನ್ನು ಒಡೆದಾಗ ಮಾತ್ರ ನಿಂತುಹೋಯಿತು. ಈ ಕಥೆಯನ್ನು ಪುಸ್ತಿಕೆಯಲ್ಲಿ ಒಂದು ಪುಟ ಹಾಕಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು!

ಇನ್ನು ಪ್ಲಾಸ್ಟಿಕ್ ಮಾದರಿ. ನೋಡಲು ಚೆಂದ, ಬಣ್ಣವೂ ಚೆಂದ. ಆದರೆ ಮುಖ್ಯವಾದ ವಿಷಯದಲ್ಲೇ ತಪ್ಪಿದೆ. ಡಿಎನ್‌ಎ ಏಣಿಯ ಮೆಟ್ಟಿಲು ಕಟ್ಟುವ ನಾಲ್ಕು ಅಕ್ಷರಗಳು ಎ, ಟಿ, ಜಿ, ಸಿ. ಮಾದರಿಯಲ್ಲಿ ಈ ನಾಲ್ಕೂ ತುಂಡುಗಳ ಕೊಂಡಿ ಒಂದೇ ಥರ. ಒಂದು ಗುಂಪು ಎ ಜೊತೆಗೆ ಜಿ ಸೇರಿಸಿತು, ಟಕ್ ಅಂತ ಕೂತಿತು. ನಿಜವಾದ ಡಿಎನ್‌ಎಯಲ್ಲಿ ಎ ಜೊತೆ ಟಿ, ಜಿ ಜೊತೆ ಸಿ. ಎ-ಟಿ ನಡುವೆ ಎರಡು ಹೈಡ್ರೋಜನ್ ಬಂಧ, ಜಿ-ಸಿ ನಡುವೆ ಮೂರು. ಅನುವಂಶೀಯತೆಯ ಗುಟ್ಟು ಇರುವುದೇ ಈ ಜೋಡಿಯಲ್ಲಿ. ತಪ್ಪು ಜೋಡಿಯೂ ಕೂರುವ ಮಾದರಿ ಆ ಗುಟ್ಟನ್ನು ಹೇಳುವುದಾದರೂ ಹೇಗೆ? ಜೊತೆಗೆ, ಡಬ್ಬಿಯ ಮೇಲಿನ ಚಿತ್ರದಲ್ಲಿ ಸುರುಳಿ ಎಡಕ್ಕೆ ತಿರುಗಿದೆ. ನಮ್ಮ ಕೋಶಗಳಲ್ಲಿ ಸಾಮಾನ್ಯವಾಗಿ ಇರುವುದು ಬಲ ಸುರುಳಿ, ಅಂಗಡಿಯಲ್ಲಿ ಸಿಗುವ ಮಾಮೂಲಿ ಸ್ಕ್ರೂವಿನ ಹಾಗೆ.

ನಾವು ಹಳೆಯ ಲಗ್ನಪತ್ರಿಕೆಗಳ ರಟ್ಟು ತೆಗೆದುಕೊಂಡೆವು. ಎ-ಟಿಗೆ ಎರಡು ಹಲ್ಲು, ಜಿ-ಸಿಗೆ ಮೂರು ಹಲ್ಲು ಬರುವ ಹಾಗೆ ಕತ್ತರಿಸಿದೆವು. ಈಗ ತಪ್ಪು ಜೋಡಿ ಕೂರುವುದೇ ಇಲ್ಲ. ಹನ್ನೆರಡು ಜೋಡಿ ಮೇಜಿನ ಮೇಲೆ ಸಾಲಾಗಿ ಇಟ್ಟು, ಒಂದು ಬದಿಯನ್ನು ಪೂರ್ತಿ ತೆಗೆದು ಜೇಬಿಗೆ ಹಾಕಿಕೊಂಡೆ. "ಈಗ ಇನ್ನೊಂದು ಬದಿ ಬರೆಯಿರಿ" ಅಂದೆ. ಒಂದು ನಿಮಿಷ ಬೇಕಾಗಲಿಲ್ಲ. ಎ ಕಂಡಲ್ಲಿ ಟಿ, ಜಿ ಕಂಡಲ್ಲಿ ಸಿ. ಕೋಶ ಎರಡಾಗುವ ಮುಂಚೆ ಡಿಎನ್‌ಎ ಜಿಪ್ಪಿನ ಹಾಗೆ ಬಿಚ್ಚಿಕೊಂಡು, ಪ್ರತಿ ಬದಿಯೂ ತನ್ನ ಎದುರು ಬದಿಯನ್ನು ಕಟ್ಟಿಕೊಳ್ಳುವುದು ಹೀಗೇ ಅಂತ ಆಮೇಲೆ ಹೇಳಿದೆ. ಹೇಳುವ ಮೊದಲೇ ಅವರು ಮಾಡಿ ಆಗಿತ್ತು.

ಈಗ ಕಾರ್ಡುಗಳ ವಿಷಯ. ಇದನ್ನು ಬರೆಯುವಾಗ ನನಗೆ ಈಗಲೂ ಬೇಜಾರಾಗುತ್ತದೆ. ನಾಲಿಗೆಯನ್ನು ಕೊಳವೆಯಂತೆ ಮಡಚಲು ಬರುವುದು ಪ್ರಬಲ ಗುಣ, ಬರದಿರುವುದು ದುರ್ಬಲ ಗುಣ, ಮನೆಯವರನ್ನೆಲ್ಲ ಪರೀಕ್ಷಿಸಿ ತುಂಬಿ ಅಂತ ಕಾರ್ಡು ಹೇಳುತ್ತದೆ. ಕಿವಿಯ ಹಾಲೆಗೂ ಹಾಗೇ. ನಾನು ಮನೆಗೆಲಸವಾಗಿ ಕೊಟ್ಟೆ. ಮರುದಿನ ಒಬ್ಬ ಹುಡುಗಿ ಕಾರ್ಡು ಕೊಡಲಿಲ್ಲ. ಪಾಠ ಮುಗಿದ ಮೇಲೆ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, "ನಂಗೆ ನಾಲಿಗೆ ಮಡಚಕ್ಕೆ ಬರುತ್ತೆ ಮೇಡಂ, ಅಪ್ಪಂಗೂ ಬರಲ್ಲ, ಅಮ್ಮಂಗೂ ಬರಲ್ಲ" ಅಂದಳು. ಅಣ್ಣ ಕಾರ್ಡು ಓದಿ, ನಿನ್ನ ಸಂತೆಯಿಂದ ತಂದಿದ್ದು ಅಂತ ರೇಗಿಸಿದ್ದಾನೆ. ಅವನಿಗೆ ತಮಾಷೆ. ಇವಳು ರಾತ್ರಿಯೆಲ್ಲ ನಿದ್ದೆ ಮಾಡಿರಲಿಲ್ಲ.

ಪ್ರಬಲ ಗುಣ ಮಗುವಿಗೆ ಬರಬೇಕಾದರೆ ಅಪ್ಪ ಅಮ್ಮನಲ್ಲಿ ಒಬ್ಬರಲ್ಲಾದರೂ ಅದು ಕಾಣಬೇಕು, ಹಾಗಾಗಿ ಕಾರ್ಡಿನ ಲೆಕ್ಕದ ಪ್ರಕಾರ ಅದು ಸಾಧ್ಯವಿಲ್ಲದ ಮಾತು. ಆದರೆ ತಪ್ಪಿರುವುದು ಕಾರ್ಡಿನಲ್ಲಿ. ನಾಲಿಗೆ ಮಡಚುವುದು ಒಂದೇ ವಂಶವಾಹಿಯ ಪ್ರಬಲ ಗುಣ ಅಂತ 1940ರಲ್ಲಿ ಹೇಳಿದವರು ಆಲ್ಫ್ರೆಡ್ ಸ್ಟರ್ಟೆವಾಂಟ್. ವರ್ಣತಂತುವಿನ ಮೇಲೆ ವಂಶವಾಹಿಗಳ ಮೊದಲ ನಕ್ಷೆ ಬರೆದವರೂ ಅವರೇ, ಅಂಥ ದೊಡ್ಡ ವಿಜ್ಞಾನಿ. 1952ರಲ್ಲಿ 33 ಜೋಡಿ ತದ್ರೂಪಿ ಅವಳಿಗಳನ್ನು ಪರೀಕ್ಷಿಸಿದಾಗ 7 ಜೋಡಿಯಲ್ಲಿ ಒಬ್ಬರಿಗೆ ನಾಲಿಗೆ ಮಡಚಲು ಬರುತ್ತಿತ್ತು, ಇನ್ನೊಬ್ಬರಿಗೆ ಇಲ್ಲ. ಡಿಎನ್‌ಎ ಒಂದೇ ಇದ್ದವರಲ್ಲೂ ವ್ಯತ್ಯಾಸ! ಸ್ಟರ್ಟೆವಾಂಟ್ ಕೂಡ ಆಮೇಲೆ ತಮ್ಮ ಮಾತನ್ನು ಹಿಂತೆಗೆದುಕೊಂಡರು. ಕಿವಿ ಹಾಲೆಯೂ ಹಾಗೇ. ಅಂಟಿದ್ದು, ಬಿಟ್ಟದ್ದು ಅಂತ ಎರಡೇ ಬಗೆ ಇಲ್ಲ, ನಡುವೆ ಎಲ್ಲ ಮಟ್ಟದ್ದೂ ಇವೆ. 2017ರ ಒಂದು ದೊಡ್ಡ ಅಧ್ಯಯನದಲ್ಲಿ ಅದಕ್ಕೆ ಸಂಬಂಧಪಟ್ಟ 49 ಜಾಗಗಳು ನಮ್ಮ ಡಿಎನ್‌ಎಯಲ್ಲಿ ಸಿಕ್ಕಿವೆ.

ಮರುದಿನ ತರಗತಿಯಲ್ಲಿ, ಕಾರ್ಡು ಕೊಟ್ಟದ್ದು ನನ್ನ ತಪ್ಪು ಅಂತ ಎಲ್ಲರ ಮುಂದೆ ಹೇಳಿದೆ. ಅವಳ ಹೆಸರು ಎತ್ತಲಿಲ್ಲ. ಕಾರ್ಡುಗಳನ್ನೆಲ್ಲ ವಾಪಸ್ ಪಡೆದು ಕಟ್ಟಿಟ್ಟೆ. ಕಂಪನಿಗೂ ಬರೆದೆ. ಮುಂದಿನ ಮುದ್ರಣದಲ್ಲಿ ನೋಡುತ್ತೇವೆ ಅಂತ ಉತ್ತರ ಬಂದಿದೆ. ಈ ಥರದ ಕಿಟ್ ತರಿಸುವ ಶಿಕ್ಷಕರಲ್ಲಿ ನನ್ನ ಕೈಮುಗಿದ ವಿನಂತಿ: ಮಕ್ಕಳ ಮನೆಯವರ ಮೈಮೇಲಿನ ಗುಣಗಳನ್ನು ಹೋಲಿಸುವ ಚಟುವಟಿಕೆ ಬೇಡವೇ ಬೇಡ. ರಕ್ತದ ಗುಂಪು ನಿಜಕ್ಕೂ ಮೆಂಡೆಲ್ ನಿಯಮದಂತೆ ಸಾಗುತ್ತದೆ, ಆದರೂ ಬೇಡ. ದತ್ತು ಮಕ್ಕಳಿರುತ್ತಾರೆ, ಅಪ್ಪ ಇಲ್ಲದವರಿರುತ್ತಾರೆ.

ಹಾಗಾದರೆ ಎಳೆಯಿಂದ ಗುಣಕ್ಕೆ ಸೇತುವೆ ಯಾವುದು? ಮೆಂಡೆಲ್‌ನ ಬಟಾಣಿಯೇ. ಸುಕ್ಕುಕಾಳಿನ ಡಿಎನ್‌ಎಯಲ್ಲಿ ಏನಾಗಿದೆ ಅಂತ 1990ರಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳು ಕಂಡುಹಿಡಿದರು. ಪಿಷ್ಟದ ಸರಪಳಿಗೆ ಕವಲು ಹಾಕುವ ಒಂದು ಕಿಣ್ವ, ಅಂದರೆ ಕೋಶದ ಕೆಲಸ ಮಾಡಿಸುವ ಪ್ರೋಟೀನು, ಇದೆ. ಅದನ್ನು ಮಾಡುವ ವಂಶವಾಹಿಯ ನಡುವೆ ಸುಮಾರು 800 ಅಕ್ಷರಗಳ ತುಂಡೊಂದು ನುಗ್ಗಿ ಕೂತಿದೆ. ಕಿಣ್ವ ಕೆಟ್ಟಿತು. ಪಿಷ್ಟ ಕಮ್ಮಿಯಾಗಿ ಸಕ್ಕರೆ ಉಳಿಯಿತು. ಸಕ್ಕರೆ ನೀರು ಎಳೆದುಕೊಂಡು ಎಳೆಕಾಳು ಉಬ್ಬಿತು. ಒಣಗುವಾಗ ನೀರು ಹೋಗಿ ಸಿಪ್ಪೆ ಸುಕ್ಕುಗಟ್ಟಿತು. ವಂಶವಾಹಿಯ ಎರಡು ಪ್ರತಿ ಇರುತ್ತವೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಅದರಲ್ಲಿ ಒಂದು ಸರಿಯಿದ್ದರೂ ಸಾಕಷ್ಟು ಕಿಣ್ವ ಸಿಗುತ್ತದೆ, ಕಾಳು ದುಂಡಗೇ ಇರುತ್ತದೆ. ದೊಡ್ಡ ಆರ್ ಪ್ರಬಲ ಅಂದರೆ ಇಷ್ಟೇ ಅರ್ಥ. ಹನ್ನೆರಡು ವರ್ಷದಿಂದ ಈ ಪಾಠ ಮಾಡುತ್ತಿದ್ದೇನೆ. ಆ ಅಕ್ಷರದ ಹಿಂದೆ ಒಂದು ಕೆಲಸ ಇದೆ ಅನ್ನುವುದು ಮಕ್ಕಳ ಮುಖದಲ್ಲಿ ಕಂಡದ್ದು ಇದೇ ಮೊದಲು.

ಕಿಟ್‌ಗೆ ಐದರಲ್ಲಿ ಮೂರು ಕೊಡುತ್ತೇನೆ. ಆ ಮೂರೂ ಬಾಳೆಹಣ್ಣಿನ ಪ್ರಯೋಗಕ್ಕೆ. ಪ್ರಣಾಳಗಳು ಗಟ್ಟಿಯಾಗಿವೆ, ತೊಳೆದು ಮತ್ತೆ ಬಳಸಬಹುದು. ಹತ್ತಿರದಲ್ಲಿ ಗಾಜಿನ ಪ್ರಣಾಳ ಇರುವ ಶಾಲೆಯವರು ಕಿಟ್ ಕೊಳ್ಳಲೇಬೇಕಿಲ್ಲ, ಟೀ ಜಾಲರಿ, ಉಪ್ಪು, ಸೋಪು, ಮೆಡಿಕಲ್ ಸ್ಟೋರಿನ ಆಲ್ಕೊಹಾಲು ಸಾಕು.

ಕಾರ್ಡಿನ ಬದಲು ಈಗ ಕೋಳಿ ಹಿಡಿದಿದ್ದೇವೆ. ನಮ್ಮ ಕಡೆ ಕುತ್ತಿಗೆಯಲ್ಲಿ ಪುಕ್ಕ ಇಲ್ಲದ ನಾಟಿ ಕೋಳಿಗಳಿವೆ. ಅದು ನಿಜವಾಗಿಯೂ ಒಂದೇ ವಂಶವಾಹಿಯ ಗುಣ. ಬೋಳು ಮಾಡುವ ವಂಶವಾಹಿಯ ಎರಡು ಪ್ರತಿ ಇದ್ದರೆ ಕುತ್ತಿಗೆ ಹೆಚ್ಚುಕಡಿಮೆ ಪೂರ್ತಿ ಬೋಳು. ಒಂದೇ ಪ್ರತಿ ಇದ್ದರೆ ಕುತ್ತಿಗೆಯ ಮುಂಭಾಗದಲ್ಲಿ ಒಂದು ಗೊಂಚಲು ಪುಕ್ಕ ಉಳಿಯುತ್ತದೆ. ಒಬ್ಬ ಹುಡುಗನ ಮನೆಯ ಹುಂಜಕ್ಕೂ ಹೇಂಟೆಗೂ ಗೊಂಚಲು ಇದೆ. ಹೇಂಟೆ 11 ಮೊಟ್ಟೆಯ ಮೇಲೆ ಕಾವು ಕೂತಿದೆ. ನಾಲ್ಕರಲ್ಲಿ ಒಂದು ಮರಿಗೆ ಕುತ್ತಿಗೆ ತುಂಬ ತುಪ್ಪಳ ಇರಬೇಕು ಅಂತ ಚೆಕ್ಕರ್ ಬೋರ್ಡ್ ಹೇಳುತ್ತದೆ. ಹನ್ನೊಂದನ್ನು ನಾಲ್ಕು ಪಾಲು ಮಾಡುವುದು ಹೇಗೆ ಅಂತ ಆಗಲೇ ಜಗಳ ಶುರುವಾಗಿದೆ. ಮೆಂಡೆಲ್ ಎಣಿಸಿದ್ದು 7,324 ಕಾಳು, 5,474 ದುಂಡು, 1,850 ಸುಕ್ಕು ಅಂತ ಬೋರ್ಡಿನ ಮೂಲೆಯಲ್ಲಿ ಬರೆದಿಟ್ಟಿದ್ದೇನೆ. ಅದರ ಪಕ್ಕದಲ್ಲಿ ಮಕ್ಕಳು ದಿನ ಎಣಿಸುತ್ತಿದ್ದಾರೆ. ಇವತ್ತಿಗೆ ಹದಿಮೂರು ದಿನ, ಇನ್ನೂ ಎಂಟು ಇದೆ.