ಹಾವೇರಿ ಅಂತ ಟಿಕೆಟ್ ಕೊಟ್ಟು ಬೈಪಾಸ್‌ನಲ್ಲಿ ಇಳಿಸಿ ಹೋದರು

ಬೆಂಗಳೂರಿನಿಂದ ಹಾವೇರಿ, ರಾಣೆಬೆನ್ನೂರು ಕಡೆ ಖಾಸಗಿ ಸ್ಲೀಪರ್ ಬಸ್ಸಿನಲ್ಲಿ ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ದಯವಿಟ್ಟು ಇದನ್ನು ಓದಿ.

ಅಮ್ಮನಿಗೆ ಮಂಡಿ ಆಪರೇಷನ್ ಆಗಿ ಎರಡು ತಿಂಗಳಾಗಿತ್ತು. ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ ಪುಕ್ಕಟೆ ಇತ್ತು ನಿಜ, ಆದರೆ ಸ್ಲೀಪರ್‌ಗೆ ಅದು ನಡೆಯೋದಿಲ್ಲ, ಹೇಗೂ ದುಡ್ಡು ಕೊಡಬೇಕಲ್ವಾ ಅಂತ ಬೆಳಗಾವಿಗೆ ಹೋಗುವ ಖಾಸಗಿ ಬಸ್ಸಿನಲ್ಲಿ ಕೆಳಗಿನ ಬರ್ತ್ ಎರಡು ಬುಕ್ ಮಾಡಿದೆ. ಇಳಿಯುವ ಜಾಗ "ಹಾವೇರಿ" ಅಂತಷ್ಟೇ ಇತ್ತು. ಅಲ್ಲೇ ನಾನು ಎಡವಿದ್ದು.

ಗೊರಗುಂಟೆಪಾಳ್ಯದಲ್ಲಿ ಬಸ್ ಒಂದು ಗಂಟೆ ನಿಂತಿತು. ಜನಕ್ಕಲ್ಲ, ಪಾರ್ಸೆಲ್‌ಗೆ. ಬಟ್ಟೆ ಗಂಟು, ರಟ್ಟಿನ ಡಬ್ಬಿ, ಒಂದು ಬೈಕು ಕೂಡ. ಬಸ್ಸಿನ ಕೆಳಗಿನ ಡಿಕ್ಕಿಯಲ್ಲಿ ಹಿಡಿಸದೆ ಉಳಿದದ್ದನ್ನು ಹಿಂದಿನ ಎಮರ್ಜೆನ್ಸಿ ಬಾಗಿಲಿಗೇ ಒತ್ತಿ ಇಟ್ಟರು. 2013ರಲ್ಲಿ ಇದೇ ಹಾವೇರಿ ಹತ್ತಿರ ರಾತ್ರಿ ಬಸ್ಸಿಗೆ ಬೆಂಕಿ ಬಿದ್ದು ಏಳು ಜನ ಸತ್ತದ್ದು ನನಗೆ ನೆನಪಿದೆ. ಹೇಳಿದೆ. "ಸುಮ್ನೆ ಮಲಗ್ರಿ ಸರ" ಅಂದ ಕ್ಲೀನರ್.

ದಾವಣಗೆರೆಯಲ್ಲಿ ಬಸ್ ಊರೊಳಗೆ ಹೋಯಿತು, ಪಾರ್ಸೆಲ್ ಇಳಿಸಲಿಕ್ಕೆ. ಹಾವೇರಿ ಬಂದಾಗ ಬೆಳಗಿನ ಜಾವ ನಾಲ್ಕೂಮುಕ್ಕಾಲು, ಬೈಪಾಸಿನ ಸರ್ವಿಸ್ ರಸ್ತೆ, ಕತ್ತಲೆ, ಜಿಟಿಜಿಟಿ ಮಳೆ. "ಅಮ್ಮಾರ, ಲಗೂನ ಇಳೀರಿ, ಒಳಗ ಹೋಗೂದಿಲ್ಲ, ಲೇಟ್ ಆಗೇತಿ." ತಡವಾದದ್ದು ಯಾರಿಂದ? ಜಗಳ ಆಡುವಷ್ಟರಲ್ಲಿ ನಮ್ಮ ಬ್ಯಾಗು ರಸ್ತೆ ಮೇಲಿತ್ತು. ಅಮ್ಮ ವಾಕರ್ ಹಿಡಿದು ಅಷ್ಟೆತ್ತರದ ಮೆಟ್ಟಿಲು ಇಳಿದದ್ದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಆಟೋ ಸಿಕ್ಕಿದ್ದು ಮುಕ್ಕಾಲು ಗಂಟೆ ಬಿಟ್ಟು. "ನನ್ನೂ ಗಂಟು ಕಟ್ಟಿ ಪಾರ್ಸೆಲ್ ಮಾಡಿದ್ರ ಊರೊಳಗ ಇಳಸ್ತಿದ್ರೇನೋ" ಅಂದಳು ಅಮ್ಮ, ಮಳೆಯಲ್ಲಿ ನೆನೆಯುತ್ತಾ ಕೂತಲ್ಲೇ.

ಆಫೀಸಿಗೆ ಫೋನ್ ಮಾಡಿದರೆ, ಬೈಪಾಸ್ ಕೂಡ ಹಾವೇರಿಯೇ ಅಲ್ವಾ ಸರ್ ಅಂದರು! ಈ ಬಸ್ಸುಗಳಿಗೆ ಇರುವುದು ಕಾಂಟ್ರಾಕ್ಟ್ ಕ್ಯಾರೇಜ್ ಪರ್ಮಿಟ್, ಅಂದರೆ ಬಾಡಿಗೆ ಒಪ್ಪಂದದ ಮೇಲೆ ಜನರನ್ನು ಒಯ್ಯುವ ಪರವಾನಗಿ, ಸರ್ಕಾರಿ ಬಸ್ಸಿನ ಹಾಗೆ ನಿಲ್ದಾಣಕ್ಕೆ ಹೋಗಲೇಬೇಕು ಅಂತಿಲ್ಲ. ಸರಿ, ಆದರೆ ಟಿಕೆಟ್ ಮೇಲೆ "ಬೈಪಾಸ್" ಅಂತ ಒಂದು ಪದ ಜಾಸ್ತಿ ಹಾಕಲಿಕ್ಕೆ ಏನು ಕಷ್ಟ? ಸೇವೆ ಸುಧಾರಿಸೋದು ಅಂದರೆ ಹೊಸ ಬಣ್ಣ, ನೀರಿನ ಬಾಟಲಿ, ಮೊಬೈಲ್ ಚಾರ್ಜರ್ ಅಂದುಕೊಂಡಿದ್ದಾರೆ. ಎಲ್ಲಿ ಇಳಿಸುತ್ತೇವೆ ಅಂತ ನಿಜ ಹೇಳಿದ್ದರೆ ನಾನು ಈ ಬಸ್ಸೇ ಹತ್ತುತ್ತಿರಲಿಲ್ಲ, ಬಹುಶಃ ಅದಕ್ಕೇ ಹೇಳೋದಿಲ್ಲ.

ಇಳಿಯುವ ಜಾಗದಲ್ಲಿ ಬರೀ ಊರಿನ ಹೆಸರು ಇದ್ದರೆ ಬುಕ್ ಮಾಡುವ ಮುಂಚೆಯೇ ಫೋನ್ ಮಾಡಿ, ಬಸ್ ಸ್ಟ್ಯಾಂಡೋ ಬೈಪಾಸೋ ಕೇಳಿ, ಉತ್ತರವನ್ನು ಮೆಸೇಜಿನಲ್ಲೇ ಹಾಕಿಸಿಕೊಳ್ಳಿ. ಬಾಯಿಮಾತು ನಿಲ್ಲುವುದಿಲ್ಲ. ಬಸ್ ನಂಬರ್, ಬಾಗಿಲಿಗೆ ಅಡ್ಡ ಇಟ್ಟ ಗಂಟು, ಇಳಿಸಿದ ಜಾಗ ಎಲ್ಲದರ ಫೋಟೋ ತೆಗೆಯಿರಿ. ನಾನು ತೆಗೆದದ್ದು ಒಂದೇ, ಅದೂ ಮಬ್ಬು. ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ, ಅಲ್ಲಿ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ.

ಮುಂದಿನ ತಿಂಗಳು ಅಮ್ಮನನ್ನು ಚೆಕಪ್‌ಗೆ ವಾಪಸ್ ಕರೆತರಬೇಕು. ಹಾವೇರಿ ಬಸ್ ಸ್ಟ್ಯಾಂಡಿನಿಂದಲೇ ಹೊರಡುವ ಸರ್ಕಾರಿ ಬಸ್ಸಿಗೆ ಸೀಟು ಹಾಕಿಸಿದ್ದೇನೆ.