ರೆಪ್‌ಮ್ಯಾನೇಜರ್ ಬಳಸಿದ ಇಷ್ಟು ವರ್ಷದ ಮೇಲೆ: ಒಂದೇ ‘ಫೋರ್ಸ್’ಗೆ ಎಷ್ಟು ಕೆಲಸ?

ಪೋಸ್ಟ್‌ಗ್ರೆಸ್ ಡೇಟಾಬೇಸಿನ ರೆಪ್ಲಿಕೇಶನ್, ಅಂದರೆ ಒಂದು ಸರ್ವರ್‌ನ ಡೇಟಾ ಬೇರೆ ಸರ್ವರ್‌ಗಳಿಗೂ ನಕಲಾಗುತ್ತಾ ಇರೋದು, ನೋಡಿಕೊಳ್ಳಲು ನಾನು ರೆಪ್‌ಮ್ಯಾನೇಜರ್ ಹಿಡಿದದ್ದು ಅದರ ಐದನೇ ಆವೃತ್ತಿ ಬಂದ ಹೊಸದರಲ್ಲಿ, 2019ರ ಕೊನೆಗೆ. ಆಗ ಒಂದು ಪ್ರೈಮರಿ (ಮುಖ್ಯ ಸರ್ವರ್), ಎರಡು ಸ್ಟ್ಯಾಂಡ್‌ಬೈ (ಅದರ ನಕಲುಗಳು), ಅಷ್ಟೇ. ಆಮೇಲೆ ಕ್ಲಸ್ಟರ್‌ಗಳು ಜಾಸ್ತಿ ಆದವು, ಟೂಲ್ ಅದೇ ಉಳಿಯಿತು. ಫೇಲ್‌ಓವರ್, ಅಂದರೆ ಪ್ರೈಮರಿ ಬಿದ್ದಾಗ ಒಂದು ಸ್ಟ್ಯಾಂಡ್‌ಬೈಯನ್ನು ಅದರ ಜಾಗಕ್ಕೆ ತರೋದು, ಹೇಗೆ ಮಾಡುತ್ತದೆ ಅಂತ ಬೇಕಾದಷ್ಟು ಜನ ಬರೆದಿದ್ದಾರೆ. ನಾನು ಹೇಳೋದು ದಿನಾ ಕೈಗೆ ತಾಗುವ ಭಾಗದ ಬಗ್ಗೆ: ಅದರ ಆಪ್ಷನ್‌ಗಳು, ಮತ್ತು ನಾವು ಬರೆದ ಕಾನ್ಫಿಗ್ ಫೈಲನ್ನು ಅದು ಎಷ್ಟು ಪರೀಕ್ಷೆ ಮಾಡುತ್ತದೆ ಅನ್ನೋದು.

ಮೊದಲು ಮೆಚ್ಚಿದ್ದು. ನಿಜವಾಗಿ ಮಾಡದೆ ಬರೀ ಪರೀಕ್ಷೆ ಮಾಡುವ ಡ್ರೈ ರನ್ ಆಪ್ಷನ್ ಒಂದಕ್ಕೇ ಈ ಟೂಲನ್ನು ಇಟ್ಟುಕೊಳ್ಳಬಹುದು. ಪ್ರೈಮರಿ ಮತ್ತು ಸ್ಟ್ಯಾಂಡ್‌ಬೈ ಜಾಗ ಅದಲುಬದಲು ಮಾಡುವ ಸ್ವಿಚ್‌ಓವರ್ ಕಮಾಂಡನ್ನೇ ತಗೊಳ್ಳಿ. ಡ್ರೈ ರನ್ ಕೊಟ್ಟು ಓಡಿಸಿದರೆ ಏನನ್ನೂ ಮುಟ್ಟುವುದಿಲ್ಲ. ಆ ಕಡೆಯ ಸರ್ವರ್‌ಗೆ ಎಸ್‌ಎಸ್‌ಎಚ್ ಮೂಲಕ ಪಾಸ್‌ವರ್ಡ್ ಇಲ್ಲದೆ ಹೋಗೋಕಾಗುತ್ತಾ, ಸ್ಟ್ಯಾಂಡ್‌ಬೈಗಳಿಗೆ ಬದಲಾವಣೆ ಕಳಿಸುವ ವಾಲ್ ಸೆಂಡರ್‌ಗಳು ಸಾಕಷ್ಟು ಇವೆಯಾ, ಆರ್ಕೈವ್ ಆಗದೆ ಉಳಿದ ಫೈಲ್‌ಗಳು ಎಷ್ಟು, ಸ್ಟ್ಯಾಂಡ್‌ಬೈ ಎಷ್ಟು ಹಿಂದೆ ಬಿದ್ದಿದೆ, ಎಲ್ಲಾ ನೋಡಿ ಹೇಳುತ್ತದೆ. ಹೇಳುವ ರೀತಿಯೂ ಚೆನ್ನಾಗಿದೆ. ಮೊದಲು ಏನು ತಪ್ಪಾಗಿದೆ ಅಂತ ಒಂದು ಸಾಲು, ಕೆಳಗೆ ಅದರ ವಿವರ, ಅದರ ಕೆಳಗೆ ಏನು ಮಾಡಬಹುದು ಅಂತ ಸುಳಿವು. ರಾತ್ರಿ ಎರಡು ಗಂಟೆಗೆ ನಿದ್ದೆಗಣ್ಣಲ್ಲಿ ಓದುವವರಿಗೆ ಆ ಮೂರನೇ ಸಾಲು ಎಷ್ಟು ಆಸರೆ ಅಂತ ಆ ಪಾಳಿ ಮಾಡಿದವರಿಗೇ ಗೊತ್ತು.

ಆದರೆ ನನ್ನನ್ನು ಹಳ್ಳಕ್ಕೆ ಬೀಳಿಸಿದ್ದೂ ಅದೇ ಸುಳಿವಿನ ಸಾಲು.

ಕಾನ್ಫಿಗ್ ಫೈಲಿನಲ್ಲಿ ಒಂದು ನೋಡ್‌ನ (ಕ್ಲಸ್ಟರ್‌ನ ಒಂದು ಸರ್ವರ್‌ನ) ಸಂಪರ್ಕದ ವಿವರ ಬದಲಾಯಿಸಿದಿರಿ ಅಂದುಕೊಳ್ಳಿ. ಫೈಲ್ ತಿದ್ದಿದರೆ ಮುಗಿಯಲಿಲ್ಲ. ರೆಪ್‌ಮ್ಯಾನೇಜರ್ ತನ್ನದೇ ಟೇಬಲ್‌ನಲ್ಲಿ ನೋಡ್‌ಗಳ ಪಟ್ಟಿ ಇಟ್ಟುಕೊಂಡಿರುತ್ತದೆ, ಅದನ್ನೂ ತಿದ್ದಬೇಕು. ಅದಕ್ಕೆ ರಿಜಿಸ್ಟರ್ ಕಮಾಂಡನ್ನು ‘ಫೋರ್ಸ್’ ಆಪ್ಷನ್ (ಚುಟುಕಾಗಿ ದೊಡ್ಡ ಎಫ್) ಜೊತೆ ಓಡಿಸಬೇಕು. ಟೇಬಲ್‌ನ ಒಂದು ಸಾಲು ಬದಲಾಗುತ್ತದೆ. ಏನೂ ಹಾಳಾಗಲ್ಲ. ಒಂದೇ ವಾರದಲ್ಲಿ ಹತ್ತು ಹದಿನೈದು ಸಲ ಹೊಡೆದದ್ದಿದೆ.

ಈಗ ಸ್ಟ್ಯಾಂಡ್‌ಬೈ ಕ್ಲೋನ್ ಕಮಾಂಡ್. ಪ್ರೈಮರಿಯಿಂದ ಪೂರ್ತಿ ಡೇಟಾ ತಂದು ಹೊಸ ಸ್ಟ್ಯಾಂಡ್‌ಬೈ ಕಟ್ಟುವಂಥದ್ದು. ಆ ಜಾಗದಲ್ಲಿ ಮೊದಲೇ ಒಂದು ಡೇಟಾ ಡೈರೆಕ್ಟರಿ ಇದ್ದರೆ ನಿಲ್ಲುತ್ತದೆ, ಮೇಲೆ ಬರೆಯಬೇಕಿದ್ದರೆ ‘ಫೋರ್ಸ್’ ಕೊಡಿ ಅಂತ ಸುಳಿವು ಕೊಡುತ್ತದೆ. ಅದೇ ಪದ. ಅದೇ ದೊಡ್ಡ ಎಫ್. ಇಲ್ಲಿ ಮಾತ್ರ ಅದರ ಅರ್ಥ ಇಡೀ ಡೈರೆಕ್ಟರಿ ಅಳಿಸಿ ಹೊಸದಾಗಿ ತುಂಬು ಅಂತ.

ಒಂದು ದಿನ ಒಂದು ಸ್ಟ್ಯಾಂಡ್‌ಬೈ ತಾನಾಗಿ ನಿಂತಿತ್ತು. ಮತ್ತೆ ಕಟ್ಟೋಣ ಅಂತ ಕ್ಲೋನ್ ಓಡಿಸಿದೆ. ಬೇಡ ಅಂತು. ಸುಳಿವು ಓದಿದೆ, ಅಂದರೆ ಕಣ್ಣು ಆಡಿಸಿದೆ ಅಷ್ಟೇ. ದೊಡ್ಡ ಎಫ್ ಸೇರಿಸಿ ಎಂಟರ್ ಒತ್ತಿದೆ. ವಾರವೆಲ್ಲಾ ಅದನ್ನೇ ಒತ್ತಿದ ಬೆರಳು, ಯೋಚನೆ ಮಾಡಲಿಲ್ಲ. ಸರ್ವರ್‌ನ ಲಾಗ್‌ಗಳು ಡೇಟಾ ಡೈರೆಕ್ಟರಿಯ ಒಳಗೇ ಇದ್ದವು, ಪೋಸ್ಟ್‌ಗ್ರೆಸ್ ಮಾಮೂಲಿಯಾಗಿ ಇಡೋದೇ ಅಲ್ಲಿ. ಸ್ಟ್ಯಾಂಡ್‌ಬೈ ಯಾಕೆ ನಿಂತಿತು ಅಂತ ತಿಳಿಯಲು ಇದ್ದ ಒಂದೇ ದಾರಿ ಆ ಲಾಗ್. ಹೋಯಿತು. ಗ್ರಾಹಕರ ಡೇಟಾ ಏನೂ ಹೋಗಲಿಲ್ಲ, ತಪ್ಪು ನನ್ನದೇ. ಆದರೂ ಒಂದು ಸಾಲು ತಿದ್ದುವುದಕ್ಕೂ ಒಂದು ಡಿಸ್ಕ್ ಒರೆಸುವುದಕ್ಕೂ ಒಂದೇ ಅಕ್ಷರ ಕೊಟ್ಟಿರುವುದು ಸರಿ ಅಂತ ನನಗೆ ಇವತ್ತಿಗೂ ಅನ್ನಿಸಿಲ್ಲ.

ಸರಿಯಾಗಿ ಹೆಸರಿಡೋದು ಈ ಟೂಲ್‌ಗೆ ಗೊತ್ತಿಲ್ಲ ಅಂತಲ್ಲ. ಬಿದ್ದುಹೋದ ಹಳೆಯ ಪ್ರೈಮರಿಯನ್ನು ಮತ್ತೆ ಗುಂಪಿಗೆ ಸೇರಿಸುವ ಕಮಾಂಡ್‌ನಲ್ಲಿ ‘ಫೋರ್ಸ್ ರಿವೈಂಡ್’ ಅಂತ ಬೇರೆಯೇ ಆಪ್ಷನ್ ಇದೆ. ಏನನ್ನು ಬಲವಂತವಾಗಿ ಮಾಡುತ್ತಿದ್ದೇವೆ ಅಂತ ಹೆಸರಲ್ಲೇ ಇದೆ, ಚುಟುಕು ಅಕ್ಷರವೂ ಇಲ್ಲ, ಪೂರ್ತಿ ಟೈಪ್ ಮಾಡಲೇಬೇಕು. ಕ್ಲೋನ್‌ಗೂ ‘ಡೈರೆಕ್ಟರಿ ಅಳಿಸು’ ಅನ್ನೋ ಥರದ್ದೊಂದು ಆಪ್ಷನ್ ಇದ್ದಿದ್ದರೆ ನನ್ನ ಬೆರಳು ಅಲ್ಲೇ ತಡೆಯುತ್ತಿತ್ತು.

ಉಳಿದ ಅಕ್ಷರಗಳ ಕಥೆಯೂ ಹೀಗೇ. ಚಿಕ್ಕ ಎಫ್ ಅಂದರೆ ಕಾನ್ಫಿಗ್ ಫೈಲ್, ದೊಡ್ಡ ಎಫ್ ಅಂದರೆ ಫೋರ್ಸ್. ಚಿಕ್ಕ ಡಿ ಡೇಟಾಬೇಸ್, ದೊಡ್ಡ ಡಿ ಡೇಟಾ ಡೈರೆಕ್ಟರಿ. ಎಚ್ ಅಂದರೆ ಹೋಸ್ಟ್, ಹೆಲ್ಪ್ ಅಲ್ಲ. ಇದು ಪೋಸ್ಟ್‌ಗ್ರೆಸ್‌ನ ಕಮಾಂಡ್ ಟೂಲ್ ಪಿಎಸ್‌ಕ್ಯುಎಲ್‌ನಿಂದ ಬಂದ ಅಭ್ಯಾಸ, ಒಪ್ಪೋಣ. ಆದರೆ ಅಲ್ಲಿ ಪಾಸ್‌ವರ್ಡ್ ಕೇಳು ಅನ್ನುವ ದೊಡ್ಡ ಡಬ್ಲ್ಯುಗೆ ಇಲ್ಲಿ ಬೇರೆಯೇ ಅರ್ಥ. ಇನ್ನು ನಾನಂತೂ ಸ್ಕ್ರಿಪ್ಟ್‌ಗಳಲ್ಲಿ ಉದ್ದದ ಹೆಸರನ್ನೇ ಬರೆಯೋದು.

ಇನ್ನು ಕಾನ್ಫಿಗ್ ಪರೀಕ್ಷೆ. ಐದನೇ ಆವೃತ್ತಿಯಿಂದ ಫೈಲ್ ಓದುವುದು ಬಿಗಿಯಾಗಿದೆ. ಮಧ್ಯೆ ಜಾಗ ಇರುವ ಮೌಲ್ಯವನ್ನು ಒಂಟಿ ಉದ್ಧರಣ ಚಿಹ್ನೆಯೊಳಗೆ ಹಾಕಬೇಕು. ನಾಲ್ಕನೇ ಆವೃತ್ತಿಯ ಫೈಲನ್ನು ಹಾಗೇ ತಂದವರು ಮೊದಲ ದಿನ ಬೈದುಕೊಂಡಿರುತ್ತಾರೆ, ನನಗೆ ಮಾತ್ರ ಈ ಬಿಗಿ ಇಷ್ಟ. ನೋಡ್ ಸಂಖ್ಯೆ, ಹೆಸರು, ಸಂಪರ್ಕ, ಡೇಟಾ ಡೈರೆಕ್ಟರಿ, ಈ ನಾಲ್ಕು ಇಲ್ಲದೆ ಮುಂದೆ ಹೋಗಲ್ಲ. ಒಳ್ಳೇದು.

ಅರ್ಥದ ವಿಷಯ ಬಂದಾಗ ಈ ಬಿಗಿ ಸಡಿಲ ಆಗುತ್ತದೆ. ಫೇಲ್‌ಓವರನ್ನು ಆಟೊಮ್ಯಾಟಿಕ್ ಮಾಡಿದರೆ ಸ್ಟ್ಯಾಂಡ್‌ಬೈಯನ್ನು ಪ್ರೈಮರಿ ಮಾಡುವ ಪ್ರೊಮೋಟ್ ಕಮಾಂಡ್, ಉಳಿದವನ್ನು ಅದರ ಹಿಂದೆ ಕಳಿಸುವ ಫಾಲೋ ಕಮಾಂಡ್ ಎರಡೂ ಬೇಕು ಅಂತ ಡೀಮನ್ (ಹಿನ್ನೆಲೆಯಲ್ಲಿ ಓಡುತ್ತಾ ಕಾವಲು ಕಾಯುವ ಪ್ರೋಗ್ರಾಂ) ಹಟ ಹಿಡಿಯುತ್ತದೆ. ಇವೆಯಾ ಅಂತ ನೋಡುತ್ತದೆ, ಒಳಗೇನು ಬರೆದಿದೆ ಅಂತ ನೋಡಲ್ಲ. ಫಾಲೋ ಕಮಾಂಡ್‌ನಲ್ಲಿ ಹೊಸ ಪ್ರೈಮರಿಯ ನೋಡ್ ಸಂಖ್ಯೆ ಬರಲು ‘ಶೇಕಡಾ ಎನ್’ ಗುರುತು ಹಾಕಿ ಅಂತ ದಾಖಲೆ ಹೇಳುತ್ತದೆ. ಬಿಟ್ಟರೆ ಸ್ಟ್ಯಾಂಡ್‌ಬೈ ತಾನೇ ಪ್ರೈಮರಿಯನ್ನು ಹುಡುಕುತ್ತದೆ. ಅಷ್ಟರಲ್ಲಿ ಹಳೆಯ ಪ್ರೈಮರಿ ರೀಬೂಟ್ ಆಗಿ ಎದ್ದು ಕೂತರೆ ಅದರ ಹಿಂದೆಯೇ ಹೋಗಬಹುದು. ಪ್ರಯೋಗದ ಕ್ಲಸ್ಟರ್‌ನಲ್ಲಿ ನಾವು ಬೇಕಂತಲೇ ಹಾಗೆ ಮಾಡಿ ನೋಡಿದೆವು. ಒಂದು ಸ್ಟ್ಯಾಂಡ್‌ಬೈ ಹೊಸದರ ಜೊತೆ, ಇನ್ನೊಂದು ಹಳೆಯದರ ಜೊತೆ. ಕಾನ್ಫಿಗ್ ಫೈಲ್ ಬಗ್ಗೆ ಒಂದು ಎಚ್ಚರಿಕೆಯ ಸಾಲೂ ಬರಲಿಲ್ಲ. ಒಂದು ಗುರುತು ಇದೆಯಾ ಅಂತ ನೋಡಿ ಒಂದು ಸಾಲು ಹೇಳೋಕೆ ಎಷ್ಟು ಹೊತ್ತು ಬೇಕು?

ಸಂಪರ್ಕದ ವಿವರವೂ ಅಂಥದ್ದೇ ಗುಂಡಿ. ಅದು ಆ ನೋಡ್‌ಗೆ ಮಾತ್ರ ಅಲ್ಲ, ಉಳಿದ ನೋಡ್‌ಗಳೂ ಅದನ್ನೇ ಓದಿ ಇದನ್ನು ಹುಡುಕಿಕೊಂಡು ಬರುತ್ತವೆ. ಲೋಕಲ್‌ಹೋಸ್ಟ್ ಅಂತ ಬರೆದರೆ ನಿಮ್ಮ ನೋಡ್‌ನಿಂದ ನೋಡಿದಾಗ ಎಲ್ಲಾ ಸರಿ, ಪಕ್ಕದ ನೋಡ್ ಮಾತ್ರ ತನ್ನನ್ನೇ ತಾನು ಮಾತಾಡಿಸಿಕೊಳ್ಳುತ್ತದೆ. ಸಂಪರ್ಕದ ಕಾಲಮಿತಿಯನ್ನು ಎರಡು ಸೆಕೆಂಡಿಗೆ ಇಡಲು ಮರೆಯಬೇಡಿ. ಮಾಮೂಲಿ ಲೆಕ್ಕದಲ್ಲಿ ಡೀಮನ್ 10 ಸೆಕೆಂಡಿಗೊಮ್ಮೆ 6 ಸಲ ಪ್ರಯತ್ನಿಸಿ ಆಮೇಲೆ ಫೇಲ್‌ಓವರ್‌ಗೆ ಇಳಿಯುತ್ತದೆ. ಸತ್ತ ಸರ್ವರ್‌ಗೆ ಪ್ರತಿ ಪ್ರಯತ್ನವೂ ನೇತಾಡುತ್ತಾ ಕೂತರೆ ಆ ಒಂದು ನಿಮಿಷ ಒಂದು ನಿಮಿಷದಲ್ಲಿ ಮುಗಿಯಲ್ಲ. ಎಲ್ಲರಿಂದ ಎಲ್ಲರಿಗೂ ದಾರಿ ಇದೆಯಾ ಅಂತ ನೋಡಲು ಕ್ರಾಸ್‌ಚೆಕ್ ಅನ್ನೋ ಒಳ್ಳೇ ಕಮಾಂಡ್ ಇದೆ. ಅದನ್ನು ನೀವೇ ನೆನಪಿಟ್ಟು ಓಡಿಸಬೇಕು, ಅಷ್ಟೇ ತಕರಾರು.

ಮಾನಿಟರಿಂಗ್ ಬಗ್ಗೆ ದೂರಿಲ್ಲ. ಕ್ಲಸ್ಟರ್ ಶೋ ಕಮಾಂಡ್ ಏನಾದರೂ ಕೆಟ್ಟಿದ್ದರೆ 25 ಅನ್ನೋ ಎಕ್ಸಿಟ್ ಕೋಡ್ ಕೊಡುತ್ತದೆ. ಔಟ್‌ಪುಟ್ ಓದಿ ಅರ್ಥ ಹುಡುಕುವ ಕಷ್ಟ ಸ್ಕ್ರಿಪ್ಟ್‌ಗೆ ಇಲ್ಲ. ನೋಡ್ ಚೆಕ್ ಕಮಾಂಡ್ ನಾಗಿಯೋಸ್ ಅನ್ನೋ ಮಾನಿಟರಿಂಗ್ ಟೂಲ್‌ಗೆ ಬೇಕಾದ ರೂಪದಲ್ಲೇ ಉತ್ತರ ಕೊಡುತ್ತದೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಕಳೆದ ಒಂದು ನಕ್ಷತ್ರ ಪೂರ್ತಿ ಆ ದೊಡ್ಡ ಎಫ್‌ನ ಲೆಕ್ಕಕ್ಕೆ. ಈಗ ನಮ್ಮಲ್ಲಿ ಕ್ಲೋನ್ ಕಮಾಂಡನ್ನು ನೇರವಾಗಿ ಯಾರೂ ಓಡಿಸಲ್ಲ. ಒಂದು ಸಣ್ಣ ಸ್ಕ್ರಿಪ್ಟ್ ಇದೆ. ಅದು ಮೊದಲು ಲಾಗ್‌ಗಳನ್ನು ಬೇರೆ ಡಿಸ್ಕ್‌ಗೆ ನಕಲು ಮಾಡುತ್ತದೆ, ಆಮೇಲೆ ಅಳಿಸಬೇಕಾದ ನೋಡ್‌ನ ಹೆಸರು ಟೈಪ್ ಮಾಡು ಅನ್ನುತ್ತದೆ. ಹೋದ ತಿಂಗಳು ನಾನೇ ಅಲ್ಲಿ ತಪ್ಪು ಹೆಸರು ಹೊಡೆದೆ.