ಹಳೇ ಲ್ಯಾಪ್‌ಟಾಪಿಗೆ ಮಿಂಟ್, ಡೆಬಿಯನ್, ಫ್ಲೆಕ್ಸ್: ವೈಫೈ ಕಾರ್ಡೇ ತೀರ್ಮಾನಿಸುತ್ತದೆ

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 4 ಜಿಬಿ ರ‍್ಯಾಮ್, ಹಳೇ ಹಾರ್ಡ್ ಡಿಸ್ಕ್, ಬ್ರಾಡ್‌ಕಾಮ್ ಬಿಸಿಎಂ43142 ವೈಫೈ ಕಾರ್ಡ್ ಇರುವ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಬದಲಿಗೆ ಹಾಕಬಹುದಾದ ಮೂರು ಉಚಿತ ಓಎಸ್‌ಗಳನ್ನು (ಲಿನಕ್ಸ್ ಮಿಂಟ್, ಡೆಬಿಯನ್, ಗೂಗಲ್‌ನ ಕ್ರೋಮ್ ಓಎಸ್ ಫ್ಲೆಕ್ಸ್) ಹಾಕಿ ನೋಡಿದ ಮೇಲೆ ನನ್ನ ಮತ ಲಿನಕ್ಸ್ ಮಿಂಟ್ 22ರ ಹಗುರ ಡೆಸ್ಕ್‌ಟಾಪ್ ಇರುವ ಎಕ್ಸ್‌ಎಫ್‌ಸಿಇ ಆವೃತ್ತಿಗೆ.

ಬಳಸುವಾಗ ಡೆಬಿಯನ್ 12 ಮಿಂಟ್‌ಗಿಂತ ಹಗುರ. ವೈಫೈ ಕಾರ್ಡಿನಂಥ ಬಿಡಿಭಾಗಗಳೊಳಗೆ ಓಡುವ ಪುಟ್ಟ ತಂತ್ರಾಂಶಗಳು, ಅಂದರೆ ಫರ್ಮ್‌ವೇರ್‌ಗಳೂ ಈಗ ಅದರ ಇನ್‌ಸ್ಟಾಲರ್‌ನಲ್ಲೇ ಬರುತ್ತವೆ. ಆದರೆ ಈ ಕಾರ್ಡಿಗೆ ಬರೀ ಫರ್ಮ್‌ವೇರ್ ಸಾಲದು. ಕರ್ನಲ್‌ನಲ್ಲಿ (ಓಎಸ್‌ನ ತಿರುಳಿನಲ್ಲಿ) ಇಲ್ಲದ ಪ್ರತ್ಯೇಕ ಡ್ರೈವರ್ ಒಂದನ್ನು ನಿಮ್ಮ ಯಂತ್ರದಲ್ಲೇ ಕಂಪೈಲ್ ಮಾಡಬೇಕು. ಅದಕ್ಕೆ ಮುಕ್ತವಲ್ಲದ ತಂತ್ರಾಂಶಗಳ ಭಂಡಾರವಾದ ನಾನ್-ಫ್ರೀ ರೆಪೊಸಿಟರಿ ತೆರೆಯಬೇಕು, ಕರ್ನಲ್ ಹೆಡರ್‌ಗಳು (ಕಂಪೈಲ್ ಮಾಡಲು ಬೇಕಾದ ಕರ್ನಲ್ ಕಡತಗಳು) ಬೇಕು, ಇವೆಲ್ಲ ಇಳಿಸಿಕೊಳ್ಳಲು ಇಂಟರ್ನೆಟ್ ಬೇಕು. ಇಂಟರ್ನೆಟ್ಟಿಗೋ ಇದೇ ಡ್ರೈವರ್ ಬೇಕು! ಫೋನನ್ನು ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ಈ ಗಂಟು ಬಿಚ್ಚುತ್ತದೆ.

ಇಲ್ಲಿ ಒಂದು ತಪ್ಪು ತುಂಬ ಸುಲಭವಾಗಿ ಆಗುತ್ತದೆ. ಈಗ ಓಡುತ್ತಿರುವ ಕರ್ನಲ್ಲಿನ ಹೆಡರ್ ಮಾತ್ರ ಹಾಕಿದರೆ ಇವತ್ತು ವೈಫೈ ಬರುತ್ತದೆ, ಮುಂದಿನ ಕರ್ನಲ್ ಅಪ್‌ಡೇಟ್ ದಿನ ಮಾಯವಾಗುತ್ತದೆ. ಹೊಸ ಕರ್ನಲ್ಲಿಗೆ ಡ್ರೈವರನ್ನು ಮತ್ತೆ ಕಟ್ಟಲು ಅದರ ಹೆಡರ್ ಇರುವುದಿಲ್ಲ. ಆವೃತ್ತಿ ಸಂಖ್ಯೆ ಇಲ್ಲದ, ಎಎಂಡಿ64 ಎಂದಷ್ಟೇ ಕೊನೆಯಾಗುವ ಹೆಡರ್ ಪ್ಯಾಕೇಜ್ ಹಾಕಿದರೆ ಕರ್ನಲ್ ಜೊತೆಗೆ ಹೆಡರ್‌ಗಳೂ ಬರುತ್ತಿರುತ್ತವೆ.

ಮಿಂಟ್‌ನಲ್ಲಿ ಈ ಡ್ರೈವರ್ ಇನ್‌ಸ್ಟಾಲ್ ಪೆನ್‌ಡ್ರೈವ್‌ನಲ್ಲೇ ಇರುತ್ತದೆ. ಇನ್‌ಸ್ಟಾಲ್ ಮುಗಿದ ಮೇಲೆ ಪೆನ್‌ಡ್ರೈವ್ ಮತ್ತೆ ಚುಚ್ಚಿ, ಡ್ರೈವರ್ ಮ್ಯಾನೇಜರ್ ತೆರೆದು, ಅಲ್ಲಿಂದ ಪೆನ್‌ಡ್ರೈವನ್ನು ಮೌಂಟ್ ಮಾಡಿ, ಬ್ರಾಡ್‌ಕಾಮ್ ಆಯ್ಕೆ ಮಾಡಿದರೆ ಆಯಿತು. ಸೆಕ್ಯೂರ್ ಬೂಟ್ (ನಂಬಿಕೆಯ ಸಹಿ ಇಲ್ಲದ ಡ್ರೈವರ್‌ಗಳನ್ನು ತಡೆಯುವ ವ್ಯವಸ್ಥೆ) ಆನ್ ಇದ್ದರೆ ಮಾತ್ರ ಎಚ್ಚರ. ಆಗ ಒಂದು ಪಾಸ್‌ವರ್ಡ್ ಕೇಳುತ್ತದೆ. ಬರೀ ಅಕ್ಷರ, ಅಂಕಿಗಳಲ್ಲೇ ಕೊಡಿ. ರೀಬೂಟ್ ಆದಾಗ ನೀಲಿ ಪರದೆ ಬರುತ್ತದೆ. ಹತ್ತು ಸೆಕೆಂಡಿನೊಳಗೆ ಒಂದು ಕೀ ಒತ್ತಿ, ‘ಎನ್‌ರೋಲ್ ಎಂಓಕೆ’ ಆರಿಸಿ, ಅದೇ ಪಾಸ್‌ವರ್ಡ್ ಹಾಕಬೇಕು. ಸುಮ್ಮನೆ ಕೂತರೆ ಯಂತ್ರ ನೇರ ಬೂಟ್ ಆಗುತ್ತದೆ, ಡ್ರೈವರ್ ಇದ್ದೂ ಲೋಡ್ ಆಗುವುದಿಲ್ಲ. ‘ಮಿಂಟ್‌ನಲ್ಲಿ ವೈಫೈ ಬರಲ್ಲ’ ಎನ್ನುವವರು ಮೊದಲು ಇದನ್ನು ನೋಡಿಕೊಳ್ಳಬೇಕು.

ಕ್ರೋಮ್ ಓಎಸ್ ಫ್ಲೆಕ್ಸ್ ಇನ್‌ಸ್ಟಾಲ್ ಆಗುವಾಗ ಇಡೀ ಡಿಸ್ಕ್ ಅಳಿಸುತ್ತದೆ, ಡ್ಯುಯಲ್ ಬೂಟ್ (ಒಂದೇ ಯಂತ್ರದಲ್ಲಿ ಎರಡು ಓಎಸ್) ಇಲ್ಲ, ಆಂಡ್ರಾಯ್ಡ್ ಆ್ಯಪ್‌ಗಳೂ ಇಲ್ಲ. ಹೊರಗಿನ ಡ್ರೈವರ್ ಸೇರಿಸುವ ದಾರಿಯನ್ನೂ ಅದು ಕೊಡುವುದಿಲ್ಲ. ಹಾಗಾಗಿ ಇನ್‌ಸ್ಟಾಲ್ ಮಾಡುವ ಮೊದಲು ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಿ, ವೈಫೈ ಹಿಡಿದರೆ ಮಾತ್ರ ಮುಂದುವರಿಯಿರಿ. ಪೂರ್ತಿ ಬ್ರೌಸರ್‌ನಲ್ಲೇ ಕೆಲಸ ಮಾಡುವವರಿಗೆ ಒಳ್ಳೆಯದೇ.

ರ‍್ಯಾಮ್ ಬಳಕೆಯಲ್ಲಿ ಮಿಂಟ್‌ಗೂ ಡೆಬಿಯನ್‌ಗೂ ಇರುವ ಅಂತರ ಬ್ರೌಸರ್ ತೆರೆದ ಮೇಲೆ ಲೆಕ್ಕಕ್ಕೇ ಬರುವುದಿಲ್ಲ.

ನನ್ನ ಕೆಲಸವೆಲ್ಲ ಲಿಬ್ರೆ ಆಫೀಸ್, ಪ್ರಿಂಟರ್, ಇಂಟರ್ನೆಟ್ ಇಲ್ಲದಾಗಲೂ ತೆರೆಯಬೇಕಾದ ಕಡತಗಳು. ಅದಕ್ಕೆ 2029ರವರೆಗೆ ಅಪ್‌ಡೇಟ್ ಸಿಗುವ ಮಿಂಟ್ ಸಾಕು. ಖರ್ಚು ಮಾಡುವುದೇ ಆದರೆ ಹಾರ್ಡ್ ಡಿಸ್ಕ್ ತೆಗೆದು ಸಾಟಾ ಎಸ್‌ಎಸ್‌ಡಿ ಹಾಕಿಸಿ, ಅದರ ಮೇಲೆ ಮಿಂಟ್ ಹಾಕಿ.